ಏಳು ವರ್ಷ ತೆಗೆಯದ ಬೀಗ

೧
ಎಲ್ಲಿಂದ ಶುರು ಮಾಡಲಿ ಹೇಳಿ. ಸಮುದ್ರದಿಂದ ಮಾಡಿದರೆ ನೀವು ಆಕಳಿಸುತ್ತೀರಿ. ಇರಲಿ, ಬೀಗದಿಂದಲೇ ಮಾಡುತ್ತೇನೆ.

ಕಡಲ ಬದಿಯ ಕೋಡಿ ಊರಿನ ಸುಗುಣಕ್ಕನ ಮನೆಯಲ್ಲಿ ಒಂದು ಕೋಣೆ. ಗಂಡ ದೇವಪ್ಪ ಅದಕ್ಕೆ ಬೀಗ ಹಾಕಿ, ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ಮೀನಿನ ಬೋಟಿಗೆ ಹೋದವನು ಏಳು ವರ್ಷವಾದರೂ ಬಂದಿಲ್ಲ. ಕಾದು ಕಾದು ಅವಳಿಗೂ ಸಾಕಾಗಿದೆ. ನಾಳೆ ಅವನ ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಿ ಮುಗಿಸುವುದೆಂದು ನಿಶ್ಚಯ. ಅದಕ್ಕೆ ಬೇಕಾದ ಪಂಚೆ, ಫೋಟೊ ಎಲ್ಲ ಆ ಕೋಣೆಯಲ್ಲಿವೆ. ಹಾಗಾಗಿ ಹೆಮ್ಮಾಡಿಯಿಂದ ಕೀ ರಿಪೇರಿಯ ಚಂದ್ರನನ್ನು ಕರೆಸಿದ್ದಾಳೆ.

೨
(ಮೊದಲ ಡ್ರಾಫ್ಟಿನಲ್ಲಿ ನಾನು ಚಂದ್ರನ ಕೈಲಿ ಸುತ್ತಿಗೆಯಿಂದ ಬೀಗ ಒಡೆಸಿದ್ದೆ. ಅವನು ಕಥೆಯೊಳಗಿಂದಲೇ ನನ್ನತ್ತ ತಿರುಗಿ, "ಹೊಡ್ದ್ ತೆಗುಕೆ ನಾನ್ ಎಂತಕ್ಕೆ? ನೀವೇ ಸಾಕಲ್ದಾ?" ಎಂದ. ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು. ಆ ಹಾಳೆ ಹರಿದು ಹಾಕಿದೆ.)

ಬೀಗದೊಳಗೆ ಸ್ಪ್ರಿಂಗ್ ಒತ್ತಿ ಹಿಡಿದ ಐದು ಪಿನ್ನುಗಳ ಸಾಲು. ಸರಿಯಾದ ಕೀ ಒಂದೊಂದನ್ನೂ ಅದರದರ ಮಟ್ಟಕ್ಕೆ ಎತ್ತಿದರೆ ಮಾತ್ರ ತಿರುಗುತ್ತದೆ. ಆದರೆ ಆ ಸಾಲು ಎಂದೂ ಪೂರ್ತಿ ನೆಟ್ಟಗಿರುವುದಿಲ್ಲ, ಕೂದಲೆಳೆಯಷ್ಟಾದರೂ ಸೊಟ್ಟ. ಕೀ ಇಲ್ಲದವನು ಕಡ್ಡಿ ತೂರಿಸಿ ತುಸು ತಿರುಚಿ ಹಿಡಿದರೆ ಐದೂ ಒಟ್ಟಿಗೆ ಬಿಗಿಯುವುದಿಲ್ಲ, ಒಂದು ಮೊದಲು ಸಿಕ್ಕಿಕೊಳ್ಳುತ್ತದೆ. ಅದನ್ನೆತ್ತು, ಆಮೇಲೆ ಇನ್ನೊಂದು. ಬೀಗದ ಗುಟ್ಟು ಇಷ್ಟೇ.

೩
ನಾನು ಬರೆದದ್ದು: 'ಉಪ್ಪುಗಾಳಿಗೆ ಬೀಗ ತುಕ್ಕು ಹಿಡಿದು ಕಲ್ಲಾಗಿತ್ತು.'

"ಹ್ವಾಯ್, ತುಕ್ಕ್ ಎಲ್ಲಿತ್ತ್?" ಚಂದ್ರ ನನ್ನನ್ನೇ ಕೇಳಿದ. ಒಳಗೆ ಹಾಕಿದ್ದ ಕಡ್ಡಿಯನ್ನು ಎಳೆದು ತೋರಿಸಿದ. ತುದಿಯೆಲ್ಲ ಕಪ್ಪು. ಪೆನ್ಸಿಲ್ ಪುಡಿ, ಹೊಚ್ಚ ಹೊಸದು. ಈ ಕೇರಿಯವರೆಲ್ಲ ಬೀಗಕ್ಕೆ ತೆಂಗಿನೆಣ್ಣೆ ಬಿಟ್ಟು ಕೆಡಿಸುವವರು. ಸಲೀಸಾಗಿ ತಿರುಗಲೆಂದು ಕೀಗೆ ಪೆನ್ಸಿಲ್ ಉಜ್ಜುತ್ತಿದ್ದವನು ದೇವಪ್ಪ ಒಬ್ಬನೇ. ಕಲಿಸಿದ್ದು ಚಂದ್ರನೇ. ಅವನು ಕಡ್ಡಿಯ ತುದಿಯನ್ನು ನನ್ನ ಹಾಳೆಯ ಮೇಲೆ ಒರೆಸಿದ.

"ಇದನ್ನ್ ನೀವ್ ಬರ್ದದ್ದಾ?"

ಇಲ್ಲ ಮಾರಾಯ. ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

೫
(ನಾಲ್ಕನ್ನು ಬರೆಯಲು ಧೈರ್ಯ ಸಾಲಲಿಲ್ಲ.)

ಒಂದು ಅಂತ್ಯ: ದೇವಪ್ಪ ಬದುಕಿದ್ದಾನೆ, ಕದ್ದು ಬಂದು ಹೋಗುತ್ತಾನೆ. ಇನ್ನೊಂದು: ಬದುಕಿಲ್ಲ, ಆದರೂ ಬಂದು ಹೋಗುತ್ತಾನೆ. ಯಾವುದನ್ನು ಹೇಳಿದರೂ ನಾಳೆಯ ಬೊಜ್ಜ ನಿಲ್ಲುತ್ತದೆ, ಸುಗುಣಕ್ಕ ಮತ್ತೆ ಕಾಯುತ್ತಾ ಕೂರುತ್ತಾಳೆ. ಐದನೆಯ ಪಿನ್ನೂ ಎದ್ದಾಗಿದೆ, ಇನ್ನು ತಿರುಗಿಸುವುದೊಂದೇ ಬಾಕಿ.

ಚಂದ್ರ ತಿರುಗಿಸಲಿಲ್ಲ.

"ಪೂರ್ತಿ ತುಕ್ಕ್ ಹಿಡ್ದಿತ್ತ್ ಅಕ್ಕಾ. ಏಳ್ ವರ್ಷದಿಂದ ಯಾರೂ ಮುಟ್ಲಿಲ್ಲ" ಎಂದು ಸುಳ್ಳು ಹೇಳಿದ. (ನಾನು ತಡೆಯಲಿಲ್ಲ. ತಡೆದಿದ್ದರೂ ಕೇಳುವ ಆಸಾಮಿಯಲ್ಲ.)

ಸುಗುಣಕ್ಕ ಬಾಗಿಲಿಗೆ ಕಿವಿಗೊಟ್ಟು ಸ್ವಲ್ಪ ಹೊತ್ತು ನಿಂತಳು.

"ಹಂಗಾರೆ ಒಳ್ಗೆ ದಿನಾ ಫ್ಯಾನ್ ಹಾಕುದ್ ಯಾರ್, ಚಂದ್ರ?"

ಈಗ ಇಬ್ಬರೂ ನನ್ನ ಕಡೆ ನೋಡುತ್ತಿದ್ದಾರೆ. ನನ್ನನ್ನು ಕೇಳಬೇಡಿ. ಆ ಕೋಣೆಯಲ್ಲಿ ಫ್ಯಾನನ್ನು ನಾನು ಬರೆದೇ ಇಲ್ಲ.