ಬದುಕಿದ್ದವಳಿಗೆ ಮೌನಾಚರಣೆ

ಕೋರ್ಟಿನಲ್ಲಿ ನನ್ನ ಕೆಲಸ ಕೂಗುವುದು. ಬಾಗಿಲಲ್ಲಿ ನಿಂತು ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ಬರದವರು ಆ ದಿನದ ಮಟ್ಟಿಗೆ ಭೂಮಿಯ ಮೇಲೇ ಇಲ್ಲ. ಮೂವತ್ತು ವರ್ಷ ಕೂಗಿ ಕೂಗಿ ನನಗೆ ಗಂಟಲಣ್ಣ ಎಂದೇ ಹೆಸರು ಬಿದ್ದಿದೆ. ನಾನು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ.

ಬಲಾತ್ಕಾರದ ಕೇಸಿಗೆ ಮಾತ್ರ ಹೆಸರು ಕೂಗುವಂತಿಲ್ಲ. ನೊಂದವಳು ಯಾರೆಂದು ಊರಿಗೆ ಗೊತ್ತಾಗಬಾರದೆಂದು ಕಾನೂನು. ಬರೀ ಕೇಸಿನ ನಂಬರು ಕೂಗಬೇಕು.

ಆ ದಿನದ್ದು ಇನ್ನೂರ ಹನ್ನೊಂದು. ಬಟ್ಟೆ ಹೊಲಿದು ಬದುಕುವ ಹೆಣ್ಣುಮಗಳು, ನನ್ನ ಕೊನೆಯ ತಂಗಿಯ ವಯಸ್ಸು. ಪೆಂಡಾಲಿನ ಬಟ್ಟೆ ಹೊಲಿಯಲೆಂದು ಮೈಕ್‌ಸೆಟ್ ಅಂಗಡಿಯವನ ಗೋದಾಮಿಗೆ ಹೋದಾಗ ಅವನು ಒಳಗಿನಿಂದ ಬಾಗಿಲು ಹಾಕಿಕೊಂಡಿದ್ದ. ಅವನು ಜಾಮೀನಿನ ಮೇಲೆ ಹೊರಬಂದು ಎರಡು ವರ್ಷವಾಗಿತ್ತು. ಅವಳು ಹೇಳಿಕೆ ಕೊಡಲು ಬಂದು ಹಾಗೇ ವಾಪಸು ಹೋದದ್ದು ಎಂಟು ಸಲ. ಒಮ್ಮೆ ಟೈಪಿಸ್ಟ್ ಅಮ್ಮನಿಗೆ ಚುನಾವಣಾ ಡ್ಯೂಟಿ, ಒಮ್ಮೆ ಅವನ ವಕೀಲರಿಗೆ ಹೊಟ್ಟೆನೋವು, ಇನ್ನೊಮ್ಮೆ ನಮ್ಮ ಕೋಣೆಯಲ್ಲೇ ಮತಪೆಟ್ಟಿಗೆಗಳನ್ನು ಪೇರಿಸಿದ್ದರು.

ಇವತ್ತು ಮಾತ್ರ ಹೇಳಿಕೆ ಆಗಲೇಬೇಕಿತ್ತು. ನಾಳೆಗೆ ನ್ಯಾಯಾಧೀಶರಿಗೆ ವರ್ಗ; ಅವರ ಜಾಗಕ್ಕೆ ಯಾರು, ಯಾವಾಗ ಬರುತ್ತಾರೋ ದೇವರಿಗೇ ಗೊತ್ತು. ಅವಳು ಬರದಿದ್ದರೆ ಸಾಕ್ಷಿ ಕೈಬಿಡಬೇಕೆಂಬ ಅರ್ಜಿ ಹಿಡಿದು ಅವನ ವಕೀಲರು ತುದಿಗಾಲಲ್ಲಿ ನಿಂತಿದ್ದರು.

ಇಷ್ಟರಲ್ಲಿ ಗೇಟಿನ ಹೊರಗೆ ಎರಡು ಪಾರ್ಟಿಗಳು ಅವಳಿಗೆ ನ್ಯಾಯ ಕೊಡಿಸಲು ಬಂದುಬಿಟ್ಟವು. ಮತದಾನಕ್ಕೆ ಆರು ದಿನ ಉಳಿದಿತ್ತು. ಒಂದರದು ಕೊಡೆ ಗುರುತು, ಇನ್ನೊಂದರದು ಬಾಚಣಿಗೆ. ಬಾಚಣಿಗೆ ಪಾರ್ಟಿಯ ನಾಯಕರ ತಲೆಯಲ್ಲಿ ಬಾಚಲು ಒಂದೆಳೆ ಕೂದಲಿಲ್ಲ, ಅದು ಬೇರೆ ಮಾತು. ಕೊಡೆಯವರು “ಗಲ್ಲಿಗೆ ಹಾಕಿ” ಎಂದರೆ ಬಾಚಣಿಗೆಯವರು “ನಡುಬೀದಿಯಲ್ಲಿ ಗುಂಡಿಕ್ಕಿ” ಎಂದರು. ಕೊಡೆಯವರು ಮೊದಲು ಗುಂಡು, ಆಮೇಲೆ ಗಲ್ಲು ಎಂದು ಹರಾಜು ಏರಿಸಿದರು. ಎರಡೂ ಕಡೆಯ ಸ್ಪೀಕರುಗಳ ಮೇಲೆ ಒಂದೇ ಅಂಗಡಿಯ ಹೆಸರಿತ್ತು, ಅವನದು. ಯಾರನ್ನು ಗಲ್ಲಿಗೆ ಹಾಕಬೇಕೆಂದು ಯಾರೂ ವಿಚಾರಿಸಿರಲಿಲ್ಲ. ಅವನಂತೂ ಪಕ್ಷಭೇದ ಮಾಡುವವನಲ್ಲ.

ನಾನು ಬಾಗಿಲಲ್ಲಿ ನಿಂತು ಮೊದಲ ಸಲ ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮೆಟ್ಟಿಲ ಮೇಲೆ ನಿಂತು ಎರಡನೆಯದು ಕೂಗಿದೆ; ಅದೂ ನೀರಲ್ಲಿ ಹೋಮ. ನಾನು ಒಳಗೆ ಬರುವಷ್ಟರಲ್ಲಿ ಅವನ ವಕೀಲರು ಅರ್ಜಿಯನ್ನು ಮುಂದೆ ನೂಕಿದ್ದರು.

“ಸ್ವಾಮಿ, ಮೂರನೇದನ್ನ ಗೇಟ್ ಹತ್ರ ಹೋಗಿ ಕೂಗಿ ಬರ್ಲಾ?” ಎಂದೆ.

ನ್ಯಾಯಾಧೀಶರು ಗಡಿಯಾರ ನೋಡಿದರು. “ಬೇಗ ಹೋಗಿ ಬನ್ನಿ.”

ಗೇಟಿನ ಕಲ್ಲು ಹತ್ತಿ, ಇದ್ದಬದ್ದ ಉಸಿರೆಲ್ಲ ಸೇರಿಸಿ “ಇನ್ನೂರ ಹನ್ನೊಂದು!” ಎಂದು ಕೂಗಿದೆ. ಜನ ಅದನ್ನೂ ಘೋಷಣೆಯೆಂದುಕೊಂಡು “ಬೇಕೇ ಬೇಕು!” ಎಂದರು. ನಡುವೆ ಒಂದು ಫಲಕ ಮಾತ್ರ ಮೇಲೆದ್ದು ಅಲುಗಾಡಿತು. ‘ನೊಂದ ತಂಗಿಗೆ ನ್ಯಾಯ ಕೊಡಿ’ ಎಂದು ಅದರಲ್ಲಿ ಬರೆದಿತ್ತು. ಅದನ್ನು ಹಿಡಿದಿದ್ದವಳು ಅವಳೇ. ಒಳಗೆ ಬಿಡಿ ಎಂದು ಕೇಳಿದವಳ ಕೈಗೆ ಫಲಕ ಕೊಟ್ಟು ಸಾಲಿಗೆ ನಿಲ್ಲಿಸಿದ್ದರು. ಆ ತಂಗಿ ನಾನೇ ಎಂದು ಹೇಳೋಣವೆಂದರೆ ಮುಖದ ಮುಂದೆ ಟಿವಿ ಕ್ಯಾಮೆರಾ.

ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡಿದ್ದ ಕಾರ್ಯಕರ್ತ ನನ್ನನ್ನು ತಡೆದ. “ಯಾರ್ರೀ ಅವಳು? ನಿಮಗೇನು ಕೆಲಸ ಅವಳ ಹತ್ರ?”

“ನಮ್ಮ ಕಸ ಗುಡಿಸೋಳಪ್ಪಾ. ಹೊತ್ತಾಯ್ತು, ಸಾಹೇಬ್ರು ಒಳಗೆ ಕುಣೀತಿದ್ದಾರೆ.”

“ಅಷ್ಟೇನಾ? ಏಯ್, ದಾರಿ ಬಿಡ್ರೋ!” ಎಂದವನು ಫಲಕವನ್ನು ಮರೆಯದೆ ವಾಪಸು ಇಸಿದುಕೊಂಡ.

ಮೆಟ್ಟಿಲೇರುವಾಗ ನನಗೆ ನಾಚಿಕೆಯಾಯಿತು. “ತಪ್ಪು ತಿಳ್ಕೋಬೇಡ ತಂಗಿ, ಬಾಯಿಗೆ ಬಂದದ್ದು ಅಂದುಬಿಟ್ಟೆ.”

“ಒಳಗೆ ಬಂದೆನಲ್ಲಾ ಅಣ್ಣಾ, ಅಷ್ಟು ಸಾಕು.”

ಇಂಥ ಹೇಳಿಕೆಯನ್ನು ಬೇರೆಯವರನ್ನೆಲ್ಲ ಹೊರಗೆ ಕಳಿಸಿ ಗುಟ್ಟಾಗಿ ಪಡೆಯುತ್ತಾರೆ. ಅವನು ಕಾಣದಂತೆ ನಡುವೆ ಪರದೆ ಎಳೆದೆ. ಕಿಟಕಿಗಳನ್ನು ಮುಚ್ಚಿದೆ, ಒಂದರ ಗಾಜು ಒಡೆದು ಮೂರು ವರ್ಷ, ಅದನ್ನು ಮುಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಸರ್ಕಾರಿ ವಕೀಲರು ಆ ದಿನ ಏನಾಯಿತೆಂದು ಕೇಳಿದರು. ಅವಳು ತುಟಿ ಅಲ್ಲಾಡಿಸಿದಳು. ಹೊರಗೆ “ನೊಂದ ತಂಗಿಗೆ!” ಎಂದು ಸ್ಪೀಕರು ಅರಚಿತು.

“ಕೇಳಿಸ್ಲಿಲ್ಲ” ಎಂದರು ಟೈಪಿಸ್ಟ್ ಅಮ್ಮ.

“ಸ್ವಲ್ಪ ಜೋರಾಗಿ ಹೇಳಮ್ಮಾ” ಎಂದರು ನ್ಯಾಯಾಧೀಶರು.

ಅವಳು ದನಿ ಏರಿಸಿದಳು. ಕೇಳಿಸಲಿಲ್ಲ. ಇನ್ನೂ ಏರಿಸಿದಳು. ಯಾವ ಮಾತನ್ನು ಹೆತ್ತ ತಾಯಿಗೂ ಕಿವಿಯಲ್ಲಷ್ಟೇ ಹೇಳಿದ್ದಳೋ ಅದನ್ನು ಸಂತೆಯಲ್ಲಿ ಸೊಪ್ಪು ಮಾರುವವರಂತೆ ಕೂಗಬೇಕಾಗಿತ್ತು. ಕೂಗುವುದು ನನ್ನ ಕಸುಬು, ಅವಳದಲ್ಲ. ಅವಳು ಕಟಕಟೆ ಹಿಡಿದು, ಕಣ್ಣು ಮುಚ್ಚಿ, ಮೈಕ್‌ಸೆಟ್ಟಿನವನ ಹೆಸರು ಹಿಡಿದು ಕೂಗಿದಳು.

ಸರಿಯಾಗಿ ಆ ಗಳಿಗೆಗೆ ಹೊರಗಿನ ಗದ್ದಲ ನಿಂತುಹೋಯಿತು. ಕೊಡೆ ಪಾರ್ಟಿಯ ನಾಯಕರು ನೊಂದ ಹೆಣ್ಣುಮಗಳ ಗೌರವಾರ್ಥ ಎರಡು ನಿಮಿಷ ಮೌನಾಚರಣೆ ಎಂದು ಸಾರಿದ್ದರಂತೆ. ಬದುಕಿದ್ದವಳಿಗೆ ಮೌನಾಚರಣೆ ಏಕೆಂದು ಕೇಳುವವರಿಲ್ಲ. ಬಾಚಣಿಗೆಯವರೂ ತಲೆ ಬಗ್ಗಿಸಿ ನಿಂತರು. ಅವಳ ಮಾತು ಒಡೆದ ಕಿಟಕಿಯಿಂದ ನೇರ ಬೀದಿಗೆ ಹೋಯಿತು.

“ಈಗ ಮೆಲ್ಲಗೆ ಹೇಳಿದ್ರೂ ಸಾಕಮ್ಮಾ” ಎಂದರು ನ್ಯಾಯಾಧೀಶರು.

ಅವಳು ಕಿಟಕಿಯ ಕಡೆ ನೋಡಿದಳು. “ಇಲ್ಲ ಸ್ವಾಮಿ, ಈ ದನಿಯಲ್ಲೇ ಹೇಳ್ತೀನಿ. ಎರಡು ವರ್ಷ ಮೆಲ್ಲಗೇ ಹೇಳಿದ್ದಾಯ್ತು.”

ಹಾಗೇ ಹೇಳಿದಳು, ಮೊದಲಿನಿಂದ ಕೊನೆಯವರೆಗೆ. ಪರದೆಯಾಚೆ ಅವನ ವಕೀಲರು ಗದ್ದಲವಾದರೂ ಶುರುವಾಗಬಾರದೇ ಎಂದು ಕಿಟಕಿಗೆ ಕಿವಿ ಕೊಟ್ಟಿದ್ದರು. ಆದರೆ ಗದ್ದಲ ಶುರುವಾಗಲಿಲ್ಲ. ನಾನು ಬಗ್ಗಿ ನೋಡಿದೆ. ಎರಡು ನಿಮಿಷ ಎಂದೋ ಕಳೆದಿತ್ತು. ಮೊದಲು ಬಾಯಿ ಬಿಟ್ಟವರಿಗೆ ನೊಂದವಳ ಮೇಲೆ ಗೌರವ ಕಡಿಮೆ ಎಂದು ಟಿವಿಯವರು ಹೇಳಿಬಿಟ್ಟರೆ? ಕೊಡೆಯವರು ಬಾಚಣಿಗೆಯವರನ್ನೂ ಬಾಚಣಿಗೆಯವರು ಕೊಡೆಯವರನ್ನೂ ಓರೆಗಣ್ಣಿನಿಂದ ನೋಡುತ್ತ ಬಾಯಿ ಹೊಲಿದುಕೊಂಡು ನಿಂತಿದ್ದರು. ಹೀಗೆ ಹನ್ನೊಂದು ನಿಮಿಷ. ಕೊನೆಗೆ ಬಾಚಣಿಗೆ ನಾಯಕರಿಗೆ ಸೀನು ಬಂದು ಮೌನ ಮುರಿಯಿತು. ಅಷ್ಟರಲ್ಲಿ ಟೈಪಿಸ್ಟ್ ಅಮ್ಮ ಯಂತ್ರದಿಂದ ಕೊನೆಯ ಹಾಳೆ ಎಳೆದಾಗಿತ್ತು. ಅವನ ವಕೀಲರ ಪಾಟಿಸವಾಲೂ ಮುಗಿದ ಮೇಲೆ ಅವಳು ಹೇಳಿಕೆಗೆ ಸಹಿ ಹಾಕಿದಳು. ವಕೀಲರ ಅರ್ಜಿ ಮತ್ತೆ ಚೀಲ ಸೇರಿತು.

ಹೊರಗೆ ಬಿಡಲು ನಾನೇ ಜೊತೆಗೆ ಹೋದೆ. ಯಾವುದಕ್ಕೂ ಇರಲೆಂದು ಅವಳ ಕೈಗೆ ಪೊರಕೆ ಕೊಟ್ಟಿದ್ದೆ. ಗೇಟಿನಲ್ಲಿ ಅದೇ ಬಿಲ್ಲೆಯವನು ಸಿಡಿಮಿಡಿ ಎನ್ನುತ್ತಿದ್ದ.

“ಏನಮ್ಮಾ, ಒಳಗೆ ಯಾರವಳು? ನಾವಿಲ್ಲಿ ಪಾಪ ಆ ತಂಗಿಗೋಸ್ಕರ ಮೌನ ಮಾಡ್ತಿದ್ರೆ, ನಮ್ಮ ಮೈಕಿನವನ ಹೆಸರು ಹಿಡ್ಕೊಂಡು ಒಂದೇ ಸಮ ಕೂಗ್ತಿದ್ಳು. ಸ್ವಲ್ಪನಾದ್ರೂ ಮರ್ಯಾದೆ ಬೇಡ್ವಾ?”

ಅವಳು ಪೊರಕೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಅವನನ್ನು ನೋಡಿದಳು.

“ಹೆಸರು ಸರಿಯಾಗಿ ಕೇಳಿಸ್ತಾ ಅಣ್ಣಾ?”

“ಕೇಳಿಸದೇ ಏನು? ಬೀದಿ ಕೊನೇವರೆಗೂ ಕೇಳಿಸ್ತು.”

“ಸದ್ಯ” ಎಂದಳು, ದಾರಿ ಹಿಡಿದಳು.