ಪಿಮ್ರಿಯಲ್ಲಿ ಎರಡು ನಿಮಿಷ

ಒಸ್ಮೇರಿಯಾ ಎಂಬ ದೇಶ ಭೂಪಟದಲ್ಲಿಲ್ಲ. ನನ್ನ ಗೆಳೆಯ ಒರೆಸ್ಟ್‌ನ ಅಡುಗೆಮನೆ ಮೇಜಿನ ಮೇಲಿದೆ. ಅದರ ಅತಿವೇಗದ ರೈಲುಜಾಲವನ್ನು ಅವನೂ ನಾನೂ ಮೂವತ್ತೊಂದು ವರ್ಷಗಳಿಂದ ಪೆನ್ಸಿಲಿನಲ್ಲಿ ಕಟ್ಟುತ್ತಿದ್ದೇವೆ. ಸಸ್ಕಾಚೆವಾನ್‌ನ ನಮ್ಮ ಊರಿನಲ್ಲಿ ಯಾವ ರೈಲೂ ನಿಲ್ಲುವುದಿಲ್ಲ. ಗೋಧಿ ಹೊತ್ತ ಗಾಡಿಗಳು ನಮ್ಮನ್ನು ಮೂಸಿಯೂ ನೋಡದೆ ಹೋಗುತ್ತವೆ. ಅದಕ್ಕೇ ಇರಬೇಕು, ನಮ್ಮ ರೈಲು ಗಂಟೆಗೆ ಮುನ್ನೂರು ಕಿಲೋಮೀಟರ್ ಓಡಿದರೂ ಸಣ್ಣಪುಟ್ಟ ಊರುಗಳಲ್ಲೆಲ್ಲ ನಿಲ್ಲುತ್ತದೆ.

ಹೊಸ ವೇಳಾಪಟ್ಟಿಯನ್ನು ಓಡಿಸಿ ನೋಡದೆ ಜಾರಿಗೆ ತರುವಂತಿಲ್ಲ. ಎರಡು ಕುರ್ಚಿ, ಒಂದು ಗಡಿಯಾರ. ರಾಜಧಾನಿ ಲುಂಬೆಯಿಂದ ಬಂದರು ಸೆಲ್ಲಿಕ್‌ಗೆ ಎರಡು ಗಂಟೆ ಹತ್ತು ನಿಮಿಷವೆಂದರೆ ಅಷ್ಟು ಹೊತ್ತೂ ಕೂರಬೇಕು. ಮೊದಲು ಒರೆಸ್ಟ್ ನಿಲ್ದಾಣಗಳ ಹೆಸರು ಕೂಗುತ್ತಿದ್ದ. ಅದೇನು ಕಂಠ! ಚರ್ಚಿನ ಗಂಟೆಗೆ ಬೆಣ್ಣೆ ಸವರಿದಂತೆ. ಎರಡು ವರ್ಷದ ಹಿಂದೆ ಗಂಟಲಿನ ಶಸ್ತ್ರಚಿಕಿತ್ಸೆ ಅದನ್ನು ಕೊಂಡೊಯ್ದಿತು. ಅಂದಿನಿಂದ ಅವನು ಸ್ಲೇಟಿನಲ್ಲಿ ಬರೆಯುತ್ತಾನೆ, ಅವನ ದನಿಯನ್ನು ಅನುಕರಿಸಿ ನಾನು ಕೂಗುತ್ತೇನೆ. ಶಾಲೆಯಲ್ಲಿ ಅವನನ್ನು ಅಣಕಿಸಿ ಹುಡುಗಿಯರನ್ನು ನಗಿಸುತ್ತಿದ್ದೆ. ಈಗ ಅದೇ ಅಣಕ ನೌಕರಿಯಾಗಿದೆ, ನಿವೃತ್ತಿಯಿಲ್ಲದ ನೌಕರಿ.

ನನಗೆ ಎಪ್ಪತ್ತೆರಡಾಯಿತು. ಬೆನ್ನು ಸೋತಿದೆ. ಇನ್ನೊಬ್ಬನ ದನಿ ಹೊತ್ತು ನನ್ನ ಗಂಟಲೂ ಸವೆದಿದೆ. ಆ ಭಾನುವಾರ ಬೆಳಿಗ್ಗೆ, ಸೆಲ್ಲಿಕ್ ತಲುಪಿದೊಡನೆ 'ಇನ್ನು ನನ್ನಿಂದಾಗದು' ಎಂದು ಹೇಳಿಬಿಡುವುದೆಂದು ನಿರ್ಧರಿಸಿಯೇ ಕುರ್ಚಿ ಹತ್ತಿದ್ದೆ.

ಒಂದು ಗಂಟೆ ಕಳೆದ ಮೇಲೆ ಒರೆಸ್ಟ್‌ನ ಹೆಂಡತಿ ಡೋರೀನ್ ಬಂದಳು. "ಏನ್ರಪ್ಪಾ, ಎಲ್ಲಿಗ್ ಬಂತು ನಿಮ್ ರೈಲು? ಆಗ್ಲಿಂದ ಫ್ರಿಜ್ ಪಕ್ಕನೇ ಇದೀರಲ್ಲ!"

"ಸುರಂಗದಲ್ಲಿದೀವಿ ಕಣಮ್ಮ, ಲೈಟ್ ಹಾಕ್ಬೇಡ."

"ಮುನ್ನೂರ್ ಕಿಲೋಮೀಟರ್ ಸ್ಪೀಡಂತೆ! ಕಸದ ಡಬ್ಬ ಹೊರಗಿಡಕ್ಕೆ ಮೂರ್ ದಿನ ಬೇಕು ಈ ಮಹರಾಯಂಗೆ."

ಒರೆಸ್ಟ್‌ನ ಭುಜಗಳು ಕುಲುಕಿದವು. ಈಗ ಅವನ ನಗು ಅಷ್ಟೇ.

ಹತ್ತು ಮೂವತ್ತೆಂಟಕ್ಕೆ ಪಿಮ್ರಿ. ಒರೆಸ್ಟ್ ಈ ಸಲ ತಾನೇ ಸೇರಿಸಿದ ಹೊಸ ನಿಲ್ದಾಣ, ಯಾಕೆಂದು ಹೇಳಿರಲಿಲ್ಲ. ತೂಕಡಿಸುತ್ತಿದ್ದ ನಾನು ದಿಗ್ಗನೆದ್ದು ಅದರ ಮುಂದಿನ ಹೆಸರನ್ನು ಕೂಗಿಬಿಟ್ಟೆ.

ಒರೆಸ್ಟ್ ಕಿಟಕಿ ಪರದೆಯ ಹಗ್ಗ ಜಗ್ಗಿದ. ಅದು ನಮ್ಮ ರೈಲಿನ ತುರ್ತು ಸರಪಳಿ. ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಪರದೆ ಧಡಾರನೆ ಬಿತ್ತು. ಸ್ಲೇಟಿನಲ್ಲಿ: 'ಪಿಮ್ರಿ ಬಿಟ್ಟೆ!'

"ಹೋಗ್ಲಿ ಬಿಡೋ. ರೈಲು ಹಿಂದಕ್ ಹೋಯ್ತು ಅಂದ್ಕೋ, ಈಗ ಕೂಗ್ತೀನಿ."

ಅವನು ಒರೆಸಿ ಬರೆದ: 'ಅತಿವೇಗದ ಹಳಿಯಲ್ಲಿ ರೈಲು ಹಿಂದಕ್ಕೆ ಚಲಿಸತಕ್ಕದ್ದಲ್ಲ. ನಿಯಮ ಹದಿನಾಲ್ಕು. ಬರೆದವನು ನೀನು.'

ಹೌದು, ನಾನೇ. ಅಂದರೆ ಸೆಲ್ಲಿಕ್‌ವರೆಗೆ ಹೋಗಿ, ಮರುರೈಲು ಹಿಡಿದು ಪಿಮ್ರಿಗೆ ಬರಬೇಕು. ಇನ್ನೂ ಎರಡು ಗಂಟೆ.

"ಏನೋ ಇದೆ ಆ ಪಿಮ್ರೀಲಿ? ನಿನ್ನ ಅತ್ತೆ ಮನೆನಾ?"

'ಬಂದಾಗ ನೋಡು.'

ಸೆಲ್ಲಿಕ್‌ನಲ್ಲಿ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಒರೆಸ್ಟ್ ಎದ್ದು ಕುರ್ಚಿಗಳನ್ನು ಎದುರು ದಿಕ್ಕಿಗೆ ತಿರುಗಿಸುತ್ತಿದ್ದ. ಬಾಯಿ ಮುಚ್ಚಿ ಕುಳಿತೆ.

ಮರುರೈಲು ಪಿಮ್ರಿ ಮುಟ್ಟುವ ಹೊತ್ತಿಗೆ ಡೋರೀನ್ ಬಡಿಸಿದ್ದ ಬೀಟ್‌ರೂಟ್ ಸಾರು ತಣ್ಣಗಾಗಿತ್ತು. ಉಸಿರೆಳೆದುಕೊಂಡೆ. ಒರೆಸ್ಟ್ ಕೈಯೆತ್ತಿ ತಡೆದ. ಎದ್ದು ನಿಂತು, ಕತ್ತಿನ ಕರವಸ್ತ್ರ ಸರಿಸಿ, ಶಸ್ತ್ರಚಿಕಿತ್ಸೆಯಲ್ಲಿ ಗಂಟಲಿಗೆ ಮಾಡಿದ್ದ ತೂತಿಗೆ ಹೆಬ್ಬೆರಳೊತ್ತಿದ. ಮುಖ ಕೆಂಪಾಯಿತು. ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದು ಬಂತು.

"ಪಿಮ್ರಿ... ಎರಡ್... ನಿಮಿಷ."

ಡೋರೀನ್‌ಳ ಕೈಯ ಸೌಟು ನಿಂತಿತು. "ನಾಲ್ಕು ತಿಂಗ್ಳಿಂದ ಗ್ಯಾರೇಜ್ ಬಾಗ್ಲು ಹಾಕ್ಕೊಂಡು ಇದನ್ನೇನೋ ಮಾಡ್ತಿದ್ದೆ, ಕಳ್ಳ!"

ಆ ಹೆಸರನ್ನು ಅವನು ತನ್ನ ಹೊಸ ಗಂಟಲಿನ ಅಳತೆ ತೆಗೆದೇ ಹೊಲಿದಿದ್ದನೆಂದು ಆಗ ಹೊಳೆಯಿತು.

ರೈಲು ಎರಡು ನಿಮಿಷ ನಿಂತಿತು. ಅವನು ಬೆವರೊರೆಸಿಕೊಂಡು ಕುಸಿದು ಕುಳಿತು ಬರೆದ: 'ಇದೊಂದು ನನ್ನದು. ಮಿಕ್ಕ ಎಂಟು ನಿನ್ನವು.'

ಎಂಟು. ಒಂಬತ್ತಕ್ಕಿಂತ ಕಡಿಮೆಯೇ. ಗಡಿಯಾರ ನೋಡಿಕೊಂಡು ಮುಂದಿನ ನಿಲ್ದಾಣವನ್ನು ಕೂಗಿದೆ, ಅವನ ದನಿಯಲ್ಲಲ್ಲ, ನನ್ನದರಲ್ಲೇ. ಅದೂ ಸೋತೇ ಇತ್ತು. ಆದರೆ ಯಾರೂ ಸರಪಳಿ ಎಳೆಯಲಿಲ್ಲ.