ಇಬ್ಬರಿಗೂ ಗೊತ್ತಿದ್ದ ವಾಕ್ಯ

ಟ್ರೀ ಅನ್ನುವಾಗ ಜೂನಿಯರ್ ವಕೀಲೆಯ ಹಲ್ಲೆಲ್ಲ ಕಾಣುತ್ತದೆ, ಇರ್ರಿಟ್ರೀವಬಲ್, ಇನ್ನೊಂದು ಸಲ ಹೇಳಿ ಅಕ್ಕಾ, ಅಣ್ಣಾ ನೀವೂ, ಅರ್ಜಿಯಲ್ಲಿರೋ ಈ ಪದಕ್ಕೇ ಬೆರಳಿಟ್ಟು ಜಡ್ಜ್ ಮೇಡಂ ಅರ್ಥ ಕೇಳ್ತಾರೆ, ಬೆಬ್ಬೆಬ್ಬೆ ಅಂದ್ರೆ ಇವತ್ತೂ ಡೈವೋರ್ಸ್ ಆಗಲ್ಲ — ಕೋರ್ಟಿನ ಕಾರಿಡಾರಿನಲ್ಲಿ ಗಂಡ ಹೆಂಡತಿ ಒಂದೇ ಬೆಂಚಿನ ಮೇಲೆ ಕೂತು ಶಾಲೆ ಮಕ್ಕಳ ಹಾಗೆ ಪದ ಉರು ಹೊಡೆಯುತ್ತಿದ್ದಾರೆ, ನಗು ಬರಬೇಕಿತ್ತು, ಬರಲಿಲ್ಲ, ಮುಖಕ್ಕೇ ಜೋಮು ಹಿಡಿದಂತಿದೆ, ಹೆಂಡತಿಗೇನು ಉದ್ದದ ಪದ ಹೊಸದಲ್ಲ, ಔಷಧಿ ಅಂಗಡಿಯಲ್ಲಿ ದಿನವಿಡೀ ಇದಕ್ಕಿಂತ ಉದ್ದದ ಹೆಸರುಗಳನ್ನು ನಾಲಿಗೆ ತೊಡರದೆ ಓದುತ್ತಾಳೆ, ಅಲ್ಲಿ ಅರ್ಥ ಕೇಳುವವರಿಲ್ಲ, ಪಕ್ಕದಲ್ಲಿ ಅವನು ತಡವರಿಸುತ್ತಾನೆ, ಟ್ರೀ, ಟ್ರೀ — ಮೊದಲಾಗಿದ್ದರೆ ಮೊಣಕೈಯಲ್ಲಿ ತಿವಿದು ಮರ್ಯಾದೆ ಕಳೀಬೇಡಿ ಅನ್ನುತ್ತಿದ್ದಳು, ಈಗ ಮೊಣಕೈ ತನ್ನ ಪಾಡಿಗೆ ತಾನಿದೆ. ಅರ್ಥ ಏನಂದ್ರೆ, ವಾಪಸ್ ಪಡೆಯೋಕೇ ಆಗದ್ದು, ನಿಮ್ಮ ಸಂಸಾರ ಸರಿಹೋಗದಷ್ಟು ಮುರಿದಿದೆ ಅಂತ, ಎಲ್ಲಿ ಒಂದು ವಾಕ್ಯ ಮಾಡಿ, ಕೈಜಾರಿ ಆಳಕ್ಕೆ ಬಿದ್ದದ್ದು ಅಂತ ಇಟ್ಕೊಳ್ಳಿ — ಆಳಕ್ಕೆ ಬಿದ್ದದ್ದು ಸಿಗುತ್ತೆ ಮೇಡಂ, ಅಂದ ಅವನು, ಲಿಫ್ಟ್ ರಿಪೇರಿಯವನು, ಬಾಗಿಲ ಸಂದಿಯಲ್ಲಿ ಜಾರಿದ ಬೀಗದ ಕೈ, ಓಲೆ, ಎಲ್ಲವನ್ನೂ ಕೆಳಗಿನ ಗುಂಡಿಗೆ ಇಳಿದು ಎತ್ತಿ ಕೊಟ್ಟವನು, ಮಗಳ ಹಾಲುಹಲ್ಲನ್ನು ಕೂಡ, ಹೌದು, ಉದುರಿದ ಮೊದಲ ಹಲ್ಲು, ಅಮ್ಮನಿಗೆ ತೋರಿಸಬೇಕೆಂದು ಹಿಡಿದು ಬರುವಾಗ ಸಂದಿಗೆ ಬಿತ್ತು, ಮಗು ನೆಲಕ್ಕೆ ಬಿದ್ದು ಹೊರಳಾಡಿ ಅತ್ತಿತು, ಇವನು ಲಿಫ್ಟನ್ನೇ ನಿಲ್ಲಿಸಿಬಿಟ್ಟ, ಮೇಲಿನ ಮನೆಯವರು ಒಂದು ಹಲ್ಲಿಗೆ ಇಷ್ಟೆಲ್ಲಾನಾ ಎಂದು ಗೊಣಗಿದರು, ಮೇಲೆ ಬಂದು ಗ್ರೀಸ್ ಮೆತ್ತಿದ ಅಂಗೈ ಬಿಚ್ಚಿದ, ಕಪ್ಪಿನ ನಡುವೆ ಅಕ್ಕಿಕಾಳಿನಷ್ಟು ಬಿಳಿ.

ಇನ್ನೊಂದು ಹಲ್ಲು ಅಲುಗಾಡುತ್ತಿರುವಾಗಲೇ ಜ್ವರ ಬಂತು, ಆಸ್ಪತ್ರೆಗೆ ಎತ್ತಿಕೊಂಡು ಹೋದ ಮಗಳು ಜೀವಂತ ತಿರುಗಿ ಬರಲಿಲ್ಲ, ಆಮೇಲೆ ಮನೆಯಲ್ಲಿ ಜಗಳವೂ ಇಲ್ಲ, ಜಗಳವಾಡಿದ್ದರೆ ಮಾತಾದರೂ ಇರುತ್ತಿತ್ತು, ಅವನ ಗಲ್ಲ ನೋಡಿದರೆ ಮಗಳ ಗಲ್ಲ, ಇವಳ ಹುಬ್ಬು ಕಂಡರೆ ಅವನು ತಟ್ಟೆ ಹಿಡಿದು ಆಚೆ ಕೋಣೆಗೆ ಹೋಗುತ್ತಾನೆ, ಹೀಗೆ ಬದುಕೋದಕ್ಕಿಂತ ಬೇರೆಯಾಗೋಣ, ಯಾರು ಮೊದಲು ಅಂದದ್ದು, ನೆನಪಿಲ್ಲ, ಬೇಡ ಅಂತ ಮಾತ್ರ ಯಾರೂ ಅನ್ನಲಿಲ್ಲ. ವಾಕ್ಯ ಹೇಳಿ ಅಕ್ಕಾ, ಅನ್ನುತ್ತಿದ್ದಾಳೆ ಜೂನಿಯರ್, ವಾಕ್ಯ ಇದೆ, ಇಬ್ಬರ ಹತ್ತಿರವೂ ಒಂದೇ ವಾಕ್ಯ, ಮಗಳದ್ದು, ಅವನು ಕಿಟಕಿ ನೋಡುತ್ತಾನೆ, ಅಷ್ಟರಲ್ಲಿ ಒಳಗಿಂದ ಕರೆ ಬಂತು. ಈ ಪದದ ಅರ್ಥ ಗೊತ್ತೇನಮ್ಮಾ, ಜಡ್ಜ್ ಮೇಡಂ ಬೆರಳು ಅರ್ಜಿಯ ಮೇಲೆ, ಗೊತ್ತು, ಹಾಗಾದ್ರೆ ನಿಮ್ಮ ಮಾತಲ್ಲೇ ಹೇಳಿ, ಬಾಯಿಗೆ ಬಂದದ್ದು ಕಲಿತದ್ದಲ್ಲ, ಬೇರೆ, ಇವರು ಕಳೆದದ್ದನ್ನೆಲ್ಲ ಎತ್ಕೊಡ್ತಾರೆ ಮೇಡಂ, ಒಂದನ್ನ ಬಿಟ್ಟು — ಆ ಒಂದು ನಿಮ್ಮ ಸಂಸಾರಾನಾ, ಜಡ್ಜ್ ಮೇಡಂ ಮೆಲ್ಲಗೆ ಕೇಳುತ್ತಾರೆ, ಹೌದು ಅಂದರೆ ಮುಗಿಯಿತು, ಒಂದು ಹೌದು, ಜೂನಿಯರ್ ಕಣ್ಣಲ್ಲೇ ಅನ್ನಿ ಅನ್ನಿ ಅನ್ನುತ್ತಾಳೆ, ಅವನು ಇತ್ತ ತಿರುಗಿದ್ದಾನೆ, ಎಷ್ಟೋ ಕಾಲದ ಮೇಲೆ, ಅದೇ ಗಲ್ಲ, ಹೌದು ಅನ್ನಬೇಕು, ಅನ್ನಬೇಕು, ಕಣ್ಣೊಳಗೆ ಅವನ ಅಂದಿನ ಅಂಗೈ ಬಿಚ್ಚುತ್ತದೆ, ಗ್ರೀಸು, ಕಪ್ಪು, ನಡುವೆ ಆ ಬಿಳಿ ಹಲ್ಲು, ಅಂಗೈ, ಹಲ್ಲು —